ಮುಟ್ಟು ನಿಲ್ಲುವ ವಯಸ್ಸು ಮತ್ತು ವಂಶಾವಳಿಯಲ್ಲಿಲ್ಲದ ಹೆಣ್ಣುಮಕ್ಕಳು

ನಮ್ಮ ಕಡೆ ಹಳೆಯ ಕಾಲದ ಹೆಂಗಸರು ತಮ್ಮ ವಯಸ್ಸನ್ನು ಅಂಕಿಯಲ್ಲಿ ಹೇಳುತ್ತಿರಲಿಲ್ಲ, ಘಟನೆಯಲ್ಲಿ ಹೇಳುತ್ತಿದ್ದರು. ಕೊಯ್ನಾ ಭೂಕಂಪ ಆದಾಗ ಚೊಚ್ಚಿಲ ಬಾಣಂತಿ, ಎಪ್ಪತ್ತೆರಡರ ಬರದಾಗ ಮೂರನೆಯದು ಹೊಟ್ಟೆಯಲ್ಲಿತ್ತು ಎಂದು ಲೆಕ್ಕ ಕೊಡುತ್ತಿದ್ದರು. ಭೂಕಂಪ ಆದದ್ದು 1967ರ ಡಿಸೆಂಬರ್‌ನಲ್ಲಿ, ಬರ ಬಿದ್ದದ್ದು 1972ರಲ್ಲಿ. ಈ ಎರಡು ಗೂಟಗಳ ನಡುವೆ ಕೃಷ್ಣಾ ತೀರದ ಎಷ್ಟೋ ಹೆಂಗಸರ ಬದುಕನ್ನು ಅಳೆದುಬಿಡಬಹುದು. ಮದುವೆ, ಹೆರಿಗೆ, ಸಾವು ಎಲ್ಲಕ್ಕೂ ಹೀಗೆ ಗುರುತುಗಳಿದ್ದವು. ಆದರೆ ಮುಟ್ಟು ಯಾವಾಗ ನಿಂತಿತು ಎಂಬುದಕ್ಕೆ ಮಾತ್ರ ಯಾವ ಗುರುತೂ ಇರಲಿಲ್ಲ. ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ.

ಈ ಲೇಖನ ಆ ಕೇಳದ ಪ್ರಶ್ನೆಯ ಇತಿಹಾಸ. ಹೆಣ್ಣಿಗೆ ಮುಟ್ಟು ನಿಲ್ಲುವ ವಯಸ್ಸಿಗೂ ಮನೆತನದಲ್ಲಿ ಹರಿದು ಬರುವ ಕ್ಯಾನ್ಸರಿಗೂ ನಂಟಿದೆಯೇ ಎಂದು ಕಳೆದ ಮೂವತ್ತು ವರ್ಷಗಳಿಂದ ಜಗತ್ತಿನ ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಆ ಹುಡುಕಾಟ ಅಮೆರಿಕ, ಇಂಗ್ಲೆಂಡುಗಳಲ್ಲಿ ನಡೆದಂತೆ ಕಂಡರೂ ಅದರ ಒಂದು ಎಳೆ ಬೆಂಗಳೂರಿಗೆ ಬಂದಿದೆ. ಇನ್ನೊಂದು ಎಳೆಯನ್ನು ನಾವು ಶೇಡಬಾಳದಂಥ ಊರಿನಿಂದಲೇ ಹಿಡಿದು ನೋಡಬೇಕು ಎಂಬುದು ನಮ್ಮ ಅನಿಸಿಕೆ.

ವಂಶದ ಲೆಕ್ಕ ಯಾರದು?

ಶೇಡಬಾಳ ಈಗ ಕಾಗವಾಡ ತಾಲ್ಲೂಕಿನ ಊರು, ಹಿಂದೆ ಅಥಣಿ ತಾಲ್ಲೂಕಿಗೆ ಸೇರಿತ್ತು. ಮಿರಜದಿಂದ ಬೆಳಗಾವಿಗೆ ಹೋಗುವ ರೈಲು ಹಳಿಯ ಮೇಲಿದೆ. ಕನ್ನಡ ಮರಾಠಿ ಎರಡೂ ಮನೆಮಾತು. ಜೈನರು, ಲಿಂಗಾಯತರು, ಮರಾಠರು, ದಲಿತರು, ಮುಸ್ಲಿಮರು ಕೂಡಿ ಬಾಳುವ ಸೀಮೆ. ದಿಗಂಬರ ಜೈನರ ಆಚಾರ್ಯ ವಿದ್ಯಾನಂದ ಮುನಿಗಳು ಹುಟ್ಟಿದ್ದು ಇದೇ ಊರಿನಲ್ಲಿ, 1925ರಲ್ಲಿ. ಅವರು ಹುಟ್ಟಿದ ದಿನ, ದೀಕ್ಷೆ ಪಡೆದ ದಿನ, 2019ರಲ್ಲಿ ದೇಹ ಬಿಟ್ಟ ದಿನ ಎಲ್ಲವೂ ದಾಖಲೆಯಲ್ಲಿವೆ. ಅದೇ ವರ್ಷ ಅದೇ ಊರಿನಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಎಷ್ಟು ಜನ, ಯಾವ ಊರಿಗೆ ಕೊಟ್ಟರು, ಯಾವ ಬೇನೆಯಿಂದ ಸತ್ತರು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ಇದಕ್ಕೆ ವಂಶಾವಳಿ ಬರೆಯುವ ಪದ್ಧತಿ ನಮ್ಮಲ್ಲಿ ಇರಲಿಲ್ಲವೆಂಬುದು ಕಾರಣವಲ್ಲ. ಉತ್ತರ ಕರ್ನಾಟಕದ ಹೆಳವರು ಎತ್ತಿನ ಮೇಲೆ ಕೂತು ಮನೆ ಮನೆಗೆ ಬಂದು, ಹತ್ತಾರು ತಲೆಮಾರಿನ ಹೆಸರುಗಳನ್ನು ಹಾಡಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಂಡು ಕಾಳುಕಡಿ ಪಡೆದು ಹೋಗುತ್ತಿದ್ದರು. ಮುಸ್ಲಿಮರ ಖಾನ್‌ದಾನುಗಳಲ್ಲಿ, ಅದರಲ್ಲೂ ದರ್ಗಾಗಳಿಗೆ ಸೇರಿದ ಮನೆತನಗಳಲ್ಲಿ ಶಜರಾ ಬರೆದಿಡುವ ರೂಢಿಯಿದೆ. ಶಜರಾ ಎಂದರೆ ಮರ. ಆ ಮರದ ಕೊಂಬೆಗಳಲ್ಲಿ ಹೆಚ್ಚಾಗಿ ಇರುವವರು ಗಂಡಸರು. ಭೂಮಿ, ವತನ, ಗಾದಿ, ಇನಾಮು ಗಂಡಿನಿಂದ ಗಂಡಿಗೆ ದಾಟುತ್ತಿದ್ದುದರಿಂದ ಲೆಕ್ಕವೂ ಅದೇ ದಾರಿ ಹಿಡಿಯಿತು. ಮಗಳು ಮದುವೆಯಾಗಿ ಹೋದಳೆಂದರೆ ಆ ಕೊಂಬೆ ಅಲ್ಲಿಗೆ ಮುಗಿಯಿತು.

ರೋಗ ಮಾತ್ರ ಈ ಲೆಕ್ಕಕ್ಕೆ ಕಾಯುವುದಿಲ್ಲ. ಅದು ಮಗನ ಜತೆ ಮನೆಯಲ್ಲೂ ಉಳಿಯುತ್ತದೆ, ಮಗಳ ಜತೆ ದಿಬ್ಬಣದಲ್ಲೂ ಹೋಗುತ್ತದೆ. ತವರಿನಲ್ಲಿ ತಾಯಿ ಎದೆಯ ಗಡ್ಡೆಯಿಂದ ಸತ್ತ ಸುದ್ದಿ, ನಾಲ್ಕು ಊರಾಚೆ ಕೊಟ್ಟ ಮಗಳ ಅತ್ತೆಮನೆಗೆ ಗೊತ್ತಾಗಬಾರದೆಂದು ಮುಚ್ಚಿಡುತ್ತಾರೆ. "ಹೊಟ್ಟ್ಯಾಗ ಗಡ್ಡಿ ಆಗಿತ್ತು, ಮಿರಜಿಗೆ ಒಯ್ದ್ರು, ತಿರುಗಿ ಬರಲಿಲ್ಲ." ಈ ಒಂದು ವಾಕ್ಯದಲ್ಲಿ ನಮ್ಮ ಭಾಗದ ಎಷ್ಟೋ ಅಜ್ಜಿಯರ, ನಾನಿಯರ ವೈದ್ಯಕೀಯ ಚರಿತ್ರೆ ಮುಗಿದುಹೋಗುತ್ತದೆ. ಗಡ್ಡೆ ಯಾವುದರದು, ಆಗ ಅವರ ವಯಸ್ಸೆಷ್ಟು, ಮುಟ್ಟು ಇತ್ತೋ ನಿಂತಿತ್ತೋ ಎಂಬ ಮೂರು ಮಾತುಗಳಿಗೆ ಇಂದು ಯಾವ ಬಂಗಾರಕ್ಕೂ ಇಲ್ಲದ ಬೆಲೆಯಿದೆ.

ಫಿಖ್ಹ್ ಕೇಳಿದ ಪ್ರಶ್ನೆ

ಮುಟ್ಟು ನಿಲ್ಲುವ ವಯಸ್ಸನ್ನು ಹಳಬರು ಗಮನಿಸಿರಲಿಲ್ಲ ಎಂದರೆ ತಪ್ಪಾದೀತು. ಸುಶ್ರುತ ಸಂಹಿತೆ ಹನ್ನೆರಡರಿಂದ ಐವತ್ತು ವರ್ಷದವರೆಗೆ ಎಂದು ಗೆರೆ ಎಳೆದಿದೆ. ಗ್ರೀಸಿನ ಅರಿಸ್ಟಾಟಲ್ ಬಹುಪಾಲು ಹೆಂಗಸರಿಗೆ ನಲವತ್ತರ ಹೊತ್ತಿಗೆ, ಕೆಲವರಿಗೆ ಐವತ್ತರವರೆಗೆ ಎಂದು ಬರೆದ. ಇಸ್ಲಾಮೀ ನ್ಯಾಯಶಾಸ್ತ್ರಕ್ಕೆ ಈ ವಯಸ್ಸು ಬರಿಯ ಕುತೂಹಲವಾಗಿರಲಿಲ್ಲ, ನಿತ್ಯ ವ್ಯವಹಾರದ ಅಗತ್ಯವಾಗಿತ್ತು. ತಲಾಕ್ ಆದ ಹೆಣ್ಣಿನ ಇದ್ದತ್ತನ್ನು ಮೂರು ಮುಟ್ಟಿನ ಲೆಕ್ಕದಲ್ಲಿ ಎಣಿಸಬೇಕು. ಮುಟ್ಟು ನಿಂತವಳಾದರೆ ಮೂರು ತಿಂಗಳು ಎಂದು ಕುರ್‌ಆನಿನ ತಲಾಕ್ ಅಧ್ಯಾಯ ಹೇಳುತ್ತದೆ. ಹಾಗಾದರೆ ನಿಜವಾಗಿ ನಿಂತಿತು ಎಂದು ಹೇಳುವುದು ಯಾವ ವಯಸ್ಸಿಗೆ? ಫುಖಹಾಗಳು ಈ ಹಂತಕ್ಕೆ ಇಟ್ಟ ಹೆಸರು 'ಸಿನ್ನೆ ಇಯಾಸ್', ಅಂದರೆ ಆಸೆ ಬಿಟ್ಟ ವಯಸ್ಸು. ಹನಫಿಗಳಲ್ಲಿ ಸಾಮಾನ್ಯವಾಗಿ 55 ಎಂದು, ಶಾಫಿಗಳಲ್ಲಿ 62 ಎಂದು ಹೇಳಲಾಗಿದೆ.

ಈ ಭಿನ್ನಾಭಿಪ್ರಾಯವನ್ನು ನಾವು ಗೌರವದಿಂದ ನೋಡಬೇಕು. ಎಲ್ಲ ಹೆಂಗಸರಿಗೂ ಒಂದೇ ವಯಸ್ಸಲ್ಲ, ನಾಡಿಂದ ನಾಡಿಗೆ, ಕುಲದಿಂದ ಕುಲಕ್ಕೆ ಬೇರೆಯಾಗಬಹುದು ಎಂಬ ಅರಿವು ಆ ಚರ್ಚೆಗಳ ಹಿಂದಿದೆ. ಹೆಣ್ಣಿನ ಬಂಧುಬಳಗದ ಹೆಂಗಸರ ವಾಡಿಕೆಯನ್ನು ನೋಡಿ ತೀರ್ಮಾನಿಸಬೇಕೆಂದ ವಿದ್ವಾಂಸರೂ ಇದ್ದರು. ತಾಯಿ, ಅಕ್ಕತಂಗಿಯರನ್ನು ನೋಡಿ ಹೆಣ್ಣಿನ ವಯಸ್ಸನ್ನು ಊಹಿಸು ಎಂಬ ಈ ಮಾತಿಗೂ ಇಂದಿನ ವಂಶವಾಹಿ ವಿಜ್ಞಾನಕ್ಕೂ ದೂರ ಬಹಳವಿಲ್ಲ. ಯೂರೋಪಿನ ವೈದ್ಯಕೀಯದಲ್ಲಿ ಇದಕ್ಕೆ 'ಮೆನೊಪಾಸ್' ಎಂಬ ಹೆಸರು ಬಂದದ್ದು ಬಹಳ ತಡವಾಗಿ. ಗಾರ್ಡಾನ್ ಎಂಬ ಫ್ರೆಂಚ್ ವೈದ್ಯ 1821ರಲ್ಲಿ ಆ ಪದವನ್ನು ಬಳಕೆಗೆ ತಂದ.

ಕ್ಯಾನ್ಸರಿನ ಹೆಸರೂ ಹಳೆಯದೇ. ಗ್ರೀಕರು ಅದನ್ನು ಏಡಿ ಎಂದರು, ಅರಬರು ಅದನ್ನೇ ತಮ್ಮ ಮಾತಿಗೆ ತಂದು 'ಸರತಾನ್' ಎಂದರು, ಉರ್ದುವಿನಲ್ಲಿ ಇವತ್ತಿಗೂ ಅದೇ ಮಾತು. ಇಬ್ನ್ ಸೀನಾ ತನ್ನ 'ಅಲ್ ಕಾನೂನ್'ನಲ್ಲಿ ಸರತಾನದ ಬಗ್ಗೆ ಬರೆದ. ಸ್ಪೇನಿನ ಶಸ್ತ್ರವೈದ್ಯ ಅಲ್ ಜಹ್ರಾವಿ, ಬೆಳೆದುನಿಂತ ಸರತಾನವನ್ನು ತಾನು ವಾಸಿಮಾಡಿದ್ದಿಲ್ಲ, ಮಾಡಿದವರನ್ನು ಕಂಡದ್ದೂ ಇಲ್ಲ ಎಂದು ಸಾವಿರ ವರ್ಷದ ಹಿಂದೆಯೇ ಪ್ರಾಮಾಣಿಕವಾಗಿ ದಾಖಲಿಸಿದ.

ಮಿರಜದ ದಾರಿ, ಗ್ಲಾಸ್ಗೋದ ಸುದ್ದಿ

ನಮ್ಮ ಸೀಮೆಯವರಿಗೆ ಮಿರಜ ಎಂದರೆ ಎರಡು. ಒಂದು ಖ್ವಾಜಾ ಶಮ್ನಾ ಮೀರಾರ ದರ್ಗಾ, ಇನ್ನೊಂದು ಮಿಷನ್ ಆಸ್ಪತ್ರೆ. ಕೆನಡಾದಲ್ಲಿ ಹುಟ್ಟಿದ ವಿಲಿಯಂ ವಾನ್ಲೆಸ್ 1889ರಲ್ಲಿ ಭಾರತಕ್ಕೆ ಬಂದು 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದರು. ಶಸ್ತ್ರಚಿಕಿತ್ಸೆಗೆ ಅದು ದೊಡ್ಡ ಹೆಸರಾಯಿತು. ಗಡಿಯ ಈಚೆಯ ಕನ್ನಡ ಹಳ್ಳಿಗಳಿಂದ ರೈಲಿನಲ್ಲೂ ಚಕ್ಕಡಿಯಲ್ಲೂ ಜನ ಅಲ್ಲಿಗೆ ಹೋದರು. ರಾಜ್ಯದ ಗಡಿ 1956ರಲ್ಲಿ ಬದಲಾದರೂ ರೋಗಿಯ ದಾರಿ ಬದಲಾಗಲಿಲ್ಲ.

ಮಿರಜದ ಆಸ್ಪತ್ರೆ ಬಾಗಿಲು ತೆರೆದ ಎರಡೇ ವರ್ಷಕ್ಕೆ, 1896ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಒಂದು ಅಚ್ಚರಿಯ ವರದಿ ಬಂತು. ಜಾರ್ಜ್ ಬೀಟ್ಸನ್ ಎಂಬ ಶಸ್ತ್ರವೈದ್ಯ, ಎದೆಯ ಕ್ಯಾನ್ಸರ್ ಮುಂದುವರಿದಿದ್ದ 33 ವರ್ಷದ ಹೆಂಗಸಿನ ಅಂಡಾಶಯಗಳನ್ನು ತೆಗೆದುಹಾಕಿದ. ಎದೆಯ ಗಡ್ಡೆಗಳು ಕರಗುತ್ತ ಬಂದವು. ಆಗ ಹಾರ್ಮೋನ್ ಎಂಬ ಪದವೇ ಹುಟ್ಟಿರಲಿಲ್ಲ. ಆದರೂ ಕಿಬ್ಬೊಟ್ಟೆಯ ಒಂದು ಅಂಗಕ್ಕೂ ಎದೆಯ ಗಡ್ಡೆಗೂ ಗುಟ್ಟಿನ ಮಾತುಕತೆ ಇದೆ ಎಂದು ಅಂದು ಸ್ಪಷ್ಟವಾಯಿತು. ಅಂಡಾಶಯ ಕೆಲಸ ಮಾಡುವಷ್ಟು ಕಾಲ ಈಸ್ಟ್ರೋಜನ್ ಎದೆಯ ಜೀವಕೋಶಗಳನ್ನು ಬೆಳೆಯಲು ಪ್ರಚೋದಿಸುತ್ತದೆ. ಆದ್ದರಿಂದ ಮುಟ್ಟು ಬೇಗ ಶುರುವಾದಷ್ಟೂ ತಡವಾಗಿ ನಿಂತಷ್ಟೂ ಎದೆಯ ಕ್ಯಾನ್ಸರಿನ ಅಪಾಯ ಹೆಚ್ಚು. ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ 2012ರಲ್ಲಿ ಹಾಕಿದ ಲೆಕ್ಕದಂತೆ, ಮುಟ್ಟು ಒಂದು ವರ್ಷ ತಡವಾಗಿ ನಿಂತರೆ ಅಪಾಯ ಸುಮಾರು ಶೇಕಡಾ 3ರಷ್ಟು, ಒಂದು ವರ್ಷ ಬೇಗ ಶುರುವಾದರೆ ಶೇಕಡಾ 5ರಷ್ಟು ಏರುತ್ತದೆ.

ಹದಿನೇಳನೆಯ ವರ್ಣತಂತು

ಕ್ಯಾನ್ಸರ್ ಕೆಲವು ಮನೆಗಳನ್ನು ಹಿಡಿದು ಕಾಡುತ್ತದೆ ಎಂಬುದನ್ನು ಫ್ರಾನ್ಸಿನ ಪಾಲ್ ಬ್ರೋಕಾ 1866ರಲ್ಲೇ ತನ್ನ ಹೆಂಡತಿಯ ತವರಿನ ನಾಲ್ಕು ತಲೆಮಾರಿನ ಪಟ್ಟಿ ಮಾಡಿ ತೋರಿಸಿದ್ದ. ಒಬ್ಬ ಗಂಡಸು ಹೆಂಡತಿಯ ತವರಿನ ಹೆಂಗಸರ ಹೆಸರು ಬರೆದಿಟ್ಟದ್ದು ಇಲ್ಲಿ ವಿಜ್ಞಾನಕ್ಕೆ ನೆರವಾಯಿತು ಎಂಬುದನ್ನು ಓದುಗರು ಗಮನಿಸಬೇಕು. ಅದಾದ ಮೇಲೂ ನೂರು ವರ್ಷ ಹೆಚ್ಚಿನ ವೈದ್ಯರು ಇದನ್ನು ಕಾಕತಾಳೀಯವೆಂದೇ ನಂಬಿದ್ದರು.

ಅಮೆರಿಕದ ಮೇರಿ ಕ್ಲೇರ್ ಕಿಂಗ್ ಎಂಬ ವಿಜ್ಞಾನಿ 1974ರಿಂದ ಈ ಹುಡುಕಾಟಕ್ಕೆ ಬಿದ್ದು, 1990ರಲ್ಲಿ 23 ಕುಟುಂಬಗಳ ಮಾಹಿತಿಯಿಂದ ಉತ್ತರ ತಂದರು. ಹದಿನೇಳನೆಯ ವರ್ಣತಂತುವಿನ ಒಂದು ಜಾಗದಲ್ಲಿ ಆ ವಂಶವಾಹಿ ಇದೆ ಎಂದರು. ಅದಕ್ಕೆ ಬಿಆರ್‌ಸಿಎ1 ಎಂದು ಹೆಸರಾಯಿತು. 1994ರಲ್ಲಿ ಅದನ್ನು ಪೂರ್ತಿ ಬಿಡಿಸಿ ಓದಲಾಯಿತು. ಹದಿಮೂರನೆಯ ವರ್ಣತಂತುವಿನ ಬಿಆರ್‌ಸಿಎ2 ಮರುವರ್ಷ ಸಿಕ್ಕಿತು. ಇದೇ ಕಿಂಗ್ ಅರ್ಜೆಂಟೀನಾದ ಸೇನಾಡಳಿತದಲ್ಲಿ ಕಣ್ಮರೆಯಾದ ಮಕ್ಕಳನ್ನು ಅವರ ಅಜ್ಜಿಯರ ರಕ್ತದ ಮೂಲಕ ಗುರುತಿಸುವ ಕೆಲಸದಲ್ಲೂ ತೊಡಗಿದ್ದವರು. ಹೆಣ್ಣಿನ ವಂಶಾವಳಿಯ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಈ ವಂಶವಾಹಿಗಳು ರೋಗ ಕೊಡಲಿಕ್ಕೆಂದು ಇರುವುದಲ್ಲ. ಅವು ರಿಪೇರಿ ಕೆಲಸದವು. ನಮ್ಮ ಜೀವಕೋಶದೊಳಗಿನ ಡಿಎನ್‌ಎ ಎಳೆಗಳು ದಿನವೂ ತುಂಡಾಗುತ್ತಿರುತ್ತವೆ. ಎರಡೂ ಎಳೆ ಒಟ್ಟಿಗೆ ಹರಿದಾಗ ಅವನ್ನು ತಪ್ಪಿಲ್ಲದಂತೆ ಜೋಡಿಸುವ ನೇಕಾರರಲ್ಲಿ ಈ ಎರಡು ಮುಖ್ಯ. ಪ್ರತಿಯೊಬ್ಬರಿಗೂ ತಾಯಿಯಿಂದ ಒಂದು, ತಂದೆಯಿಂದ ಒಂದು ಪ್ರತಿ ಬಂದಿರುತ್ತದೆ. ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದು, ಬದುಕಿನ ದಾರಿಯಲ್ಲಿ ಯಾವುದಾದರೂ ಜೀವಕೋಶದಲ್ಲಿ ಇನ್ನೊಂದೂ ಕೆಟ್ಟರೆ ರಿಪೇರಿ ನಿಲ್ಲುತ್ತದೆ, ಕ್ಯಾನ್ಸರಿಗೆ ದಾರಿಯಾಗುತ್ತದೆ. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ, ಕೆಟ್ಟ ಬಿಆರ್‌ಸಿಎ1 ಇರುವ ಹೆಂಗಸರಲ್ಲಿ 80 ವರ್ಷದೊಳಗೆ ನೂರಕ್ಕೆ 72 ಜನರಿಗೆ ಎದೆಯ ಕ್ಯಾನ್ಸರ್, 44 ಜನರಿಗೆ ಅಂಡಾಶಯದ ಕ್ಯಾನ್ಸರ್ ಬರುವ ಸಂಭವವಿದೆ. ಬಿಆರ್‌ಸಿಎ2ಗೆ ಈ ಅಂಕಿಗಳು 69 ಮತ್ತು 17. ಹಾಗೆಂದು ಎದೆಯ ಕ್ಯಾನ್ಸರೆಲ್ಲ ಹುಟ್ಟಿನಿಂದ ಬಂದದ್ದಲ್ಲ. ನೂರರಲ್ಲಿ ಐದರಿಂದ ಹತ್ತು ಮಾತ್ರ ಹೀಗೆ ವಂಶದಿಂದ ಬಂದವು.

ತತ್ತಿಗಳ ಭಂಡಾರ

ಈಗ ಮುಟ್ಟಿನ ಮಾತಿಗೆ ಬರೋಣ. ಹೆಣ್ಣಿನ ಅಂಡಾಣುಗಳು ಅವಳು ಹುಟ್ಟುವ ಮೊದಲೇ ತಯಾರಾಗಿರುತ್ತವೆ. ತಾಯಿಯ ಗರ್ಭದಲ್ಲಿ ಐದನೆಯ ತಿಂಗಳಲ್ಲಿ 60ರಿಂದ 70 ಲಕ್ಷ ಇದ್ದದ್ದು ಹುಟ್ಟುವ ಹೊತ್ತಿಗೆ 10ರಿಂದ 20 ಲಕ್ಷಕ್ಕೆ, ಮೈನೆರೆಯುವ ಹೊತ್ತಿಗೆ 3ರಿಂದ 4 ಲಕ್ಷಕ್ಕೆ ಇಳಿಯುತ್ತದೆ. ಸಾವಿರದ ಆಸುಪಾಸು ಉಳಿದಾಗ ಮುಟ್ಟು ನಿಲ್ಲುತ್ತದೆ. ಹೊಸದು ಸೇರುವುದಿಲ್ಲ, ಇದ್ದದ್ದೇ ಕರಗುತ್ತ ಹೋಗುವ ಹಗೇವು ಇದು. ನಾವು ಪ್ರತಿಯೊಬ್ಬರೂ ಯಾವ ತತ್ತಿಯಿಂದ ಬಂದೆವೋ ಅದು ನಮ್ಮ ತಾಯಿ ಇನ್ನೂ ನಮ್ಮ ಅಜ್ಜಿಯ ಹೊಟ್ಟೆಯಲ್ಲಿದ್ದಾಗಲೇ ರೂಪುಗೊಂಡಿತ್ತು.

ಇಷ್ಟು ದೀರ್ಘಕಾಲ ಕಾದು ಕೂರುವ ತತ್ತಿಯ ಡಿಎನ್‌ಎಯಲ್ಲಿ ಹರುಕುಗಳಾಗುತ್ತಲೇ ಇರುತ್ತವೆ. ರಿಪೇರಿ ಚೆನ್ನಾಗಿದ್ದರೆ ತತ್ತಿ ಉಳಿಯುತ್ತದೆ, ಇಲ್ಲದಿದ್ದರೆ ದೇಹವೇ ಅದನ್ನು ಅಳಿಸಿಹಾಕುತ್ತದೆ. ಹಾಗಾದರೆ ರಿಪೇರಿ ಮಾಡುವ ಬಿಆರ್‌ಸಿಎ ಹುಟ್ಟಿನಿಂದಲೇ ಕುಂಟಿದ್ದರೆ ಭಂಡಾರ ಬೇಗ ಬರಿದಾಗಬೇಕಲ್ಲವೇ? ಅಮೆರಿಕದ ವೈದ್ಯ ಕುಟ್ಲುಕ್ ಒಕ್ಟಾಯ್ ಅವರ ತಂಡ 2013ರಲ್ಲಿ ಇಲಿಗಳಲ್ಲೂ ಮಾನವ ತತ್ತಿಗಳಲ್ಲೂ ಇದಕ್ಕೆ ಪುರಾವೆ ತೋರಿಸಿತು. ವಯಸ್ಸಾದಂತೆ ತತ್ತಿಯೊಳಗಿನ ಬಿಆರ್‌ಸಿಎ1 ಕೆಲಸ ಕುಗ್ಗುತ್ತದೆ, ಹರುಕು ಹೆಚ್ಚುತ್ತದೆ ಎಂದಿತು.

ಅದೇ ವರ್ಷ ಉತ್ತರ ಕ್ಯಾಲಿಫೋರ್ನಿಯಾದ ಸಂಶೋಧಕರು, ಕೆಟ್ಟ ಬಿಆರ್‌ಸಿಎ ಇರುವ 382 ಹೆಂಗಸರನ್ನು ಆ ಸೀಮೆಯ ಇತರ ಹೆಂಗಸರೊಡನೆ ಹೋಲಿಸಿದರು. ಇವರಿಗೆ ಮುಟ್ಟು ನಿಂತದ್ದು 50ಕ್ಕೆ, ಇತರರಿಗೆ 53ಕ್ಕೆ. ದಿನಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಸಿಗರೇಟು ಸೇದುವ ವಾಹಕ ಹೆಂಗಸರಿಗೆ 46ಕ್ಕೇ ನಿಂತಿತ್ತು. ಆದರೆ ವಿಷಯ ಇಲ್ಲಿಗೆ ಮುಗಿಯಲಿಲ್ಲ. ಅದೇ 2013ರಲ್ಲಿ ಆಸ್ಟ್ರೇಲಿಯಾ ನ್ಯೂಜಿಲೆಂಡುಗಳ ಅಧ್ಯಯನವೊಂದು, ವಾಹಕರನ್ನು ಅವರದೇ ಮನೆಯ ವಾಹಕರಲ್ಲದ ಬಂಧುಗಳೊಡನೆ ಹೋಲಿಸಿ ನೋಡಿತು. ವ್ಯತ್ಯಾಸ ಕಾಣಲಿಲ್ಲ. ಒಂದೇ ಒಲೆಯ ಊಟ ಉಂಡವರನ್ನು ಹೋಲಿಸಿದಾಗ ಬರುವ ಉತ್ತರ ಬೇರೆ, ಬೇರೆ ಮನೆಯವರನ್ನು ಹೋಲಿಸಿದಾಗ ಬರುವುದು ಬೇರೆ. ಜತೆಗೆ ಇನ್ನೊಂದು ತೊಡಕಿದೆ. ಅಪಾಯ ಗೊತ್ತಾದ ಹೆಂಗಸರು ಮುಟ್ಟು ತಾನಾಗಿ ನಿಲ್ಲುವ ಮೊದಲೇ ಅಂಡಾಶಯ ತೆಗೆಸಿಕೊಂಡಿರುತ್ತಾರೆ. ಅವರ ಸಹಜ ವಯಸ್ಸು ಯಾವುದೆಂದು ತಿಳಿಯುವ ಬಾಗಿಲೇ ಮುಚ್ಚಿಹೋಗಿರುತ್ತದೆ.

ಆಮೇಲಿನ ವರ್ಷಗಳಲ್ಲಿ ಕೆಲವು ಕುಟುಂಬಗಳನ್ನು ಬಿಟ್ಟು ಸಾಮಾನ್ಯ ಜನಸಮುದಾಯವನ್ನೇ ಪರೀಕ್ಷಿಸುವ ಕೆಲಸ ನಡೆಯಿತು. ಸುಮಾರು 70 ಸಾವಿರ ಹೆಂಗಸರ ಡಿಎನ್‌ಎ ಓದಿದ 2015ರ ಅಧ್ಯಯನ, ಮುಟ್ಟು ನಿಲ್ಲುವ ವಯಸ್ಸಿಗೆ ಸಂಬಂಧಿಸಿದ 44 ತಾಣಗಳನ್ನು ಪಟ್ಟಿಮಾಡಿತು. ಅವುಗಳಲ್ಲಿ ಬಿಆರ್‌ಸಿಎ1ರ ತಾಣವೂ ಇತ್ತು, ಬಹುಪಾಲು ರಿಪೇರಿ ಕೆಲಸದವೇ ಇದ್ದವು. 2021ರ ಹೊತ್ತಿಗೆ ಪಟ್ಟಿ 290ಕ್ಕೆ ಬೆಳೆಯಿತು. ಬ್ರಿಟನ್ನಿನ ಲಕ್ಷಕ್ಕೂ ಹೆಚ್ಚು ಹೆಂಗಸರ ಮಾಹಿತಿಯ ಮೇಲೆ 2024ರಲ್ಲಿ ಬಂದ ಅಧ್ಯಯನ ಬಹಳ ಅಪರೂಪದ ದೋಷಗಳನ್ನೂ ಹಿಡಿಯಿತು. ಜೆಡ್‌ಎನ್‌ಎಫ್518ಎ ಎಂಬ ವಂಶವಾಹಿ ಕೆಟ್ಟರೆ ಮುಟ್ಟು ಐದು ವರ್ಷಕ್ಕಿಂತ ಹೆಚ್ಚು ಮುಂಚೆ ನಿಲ್ಲುತ್ತದೆ. ಬಿಆರ್‌ಸಿಎ2 ಕೆಟ್ಟರೂ ತುಸು ಬೇಗ ನಿಲ್ಲುತ್ತದೆ. ಆದರೆ ಸಿಎಚ್‌ಇಕೆ2 ಎಂಬುದು ಕೆಟ್ಟರೆ ಮುಟ್ಟು ತಡವಾಗಿ ನಿಲ್ಲುತ್ತದೆ. ಯಾಕೆಂದರೆ ಹರಿದ ತತ್ತಿಯನ್ನು ಅಳಿಸುವ ಕಾವಲುಗಾರ ಅದು. ಕಾವಲುಗಾರ ಮಲಗಿದರೆ ತತ್ತಿಯೂ ಉಳಿಯುತ್ತದೆ, ಕೆಟ್ಟ ಜೀವಕೋಶವೂ ಉಳಿಯುತ್ತದೆ.

ಹೀಗಾಗಿ ಒಂದು ವಿಚಿತ್ರ ನಮ್ಮೆದುರು ನಿಲ್ಲುತ್ತದೆ. ಮುಟ್ಟು ಬೇಗ ನಿಂತರೆ ಎದೆಯ ಕ್ಯಾನ್ಸರಿನ ಅಪಾಯ ಕಡಿಮೆ ಎಂದೆವು. ಬಿಆರ್‌ಸಿಎ ವಾಹಕರಿಗೆ ಮುಟ್ಟು ಬೇಗ ನಿಂತರೂ ಅಪಾಯ ಕಡಿಮೆಯಾಗುವುದಿಲ್ಲ. ರಿಪೇರಿ ಕೆಟ್ಟದ್ದರಿಂದ ಆಗುವ ಹಾನಿಯ ಮುಂದೆ ಹಾರ್ಮೋನು ಕಡಿಮೆಯಾದದ್ದರ ಲಾಭ ಬಹಳ ಸಣ್ಣದು. "ನಂದು ಬೇಗ ನಿಂತದ, ನನಗ ಏನೂ ಆಗೂದಿಲ್ಲ" ಎಂದು ಯಾರೂ ನಿಶ್ಚಿಂತರಾಗಬಾರದು. ಹಾಗೆಯೇ ನಲವತ್ತೈದಕ್ಕೆ ನಿಂತಿತೆಂದು, ಅದು ಕ್ಯಾನ್ಸರಿನ ಮುನ್ಸೂಚನೆಯೆಂದು ಹೆದರಬೇಕಾದ್ದೂ ಇಲ್ಲ.

ಬೆಂಗಳೂರಿನ 61 ಹೆಂಗಸರು

ಕರ್ನಾಟಕದ ಮಟ್ಟಿಗೆ ನಾವು ನೆನೆಯಬೇಕಾದ ಕೆಲಸವೊಂದು 2009ರಲ್ಲಿ ಪ್ರಕಟವಾಯಿತು. ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನಲ್ಲಿ 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಗಂಥಿ ಸಂಸ್ಥೆ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕೂಡಿ, ಮನೆತನದಲ್ಲಿ ಈ ರೋಗವಿದ್ದ ದಕ್ಷಿಣ ಭಾರತದ 61 ರೋಗಿಗಳ ವಂಶವಾಹಿಗಳನ್ನು ಪರೀಕ್ಷಿಸಿದರು. 17 ಜನರಲ್ಲಿ ದೋಷ ಕಂಡಿತು, ಅದರಲ್ಲಿ 15 ಬಿಆರ್‌ಸಿಎ1ರದು. ಇನ್ನೂ ದೊಡ್ಡ ಅಚ್ಚರಿಯೆಂದರೆ 61ರಲ್ಲಿ 10 ಜನರಲ್ಲಿ ಒಂದೇ ಬಗೆಯ ದೋಷವಿತ್ತು. ಅದರ ಹೆಸರು 185ಡೆಲ್‌ಎಜಿ. ವಂಶವಾಹಿಯ ಬರಹದಲ್ಲಿ ಎರಡೇ ಅಕ್ಷರ ಬಿಟ್ಟುಹೋದ ತಪ್ಪು. ಆ ಎರಡು ಅಕ್ಷರ ಇಲ್ಲದೆ ಮುಂದಿನ ವಾಕ್ಯವೆಲ್ಲ ಅರ್ಥ ಕಳೆದುಕೊಳ್ಳುತ್ತದೆ.

ಈ ದೋಷ ಜಗತ್ತಿನಲ್ಲಿ ಹೆಸರಾದದ್ದು ಯೂರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ. ಅವರಲ್ಲಿ ಸುಮಾರು ನೂರಕ್ಕೊಬ್ಬರಿಗೆ ಇದು ಇದೆ, ಇನ್ನೆರಡು ದೋಷಗಳನ್ನೂ ಸೇರಿಸಿದರೆ ನಲವತ್ತಕ್ಕೊಬ್ಬರು ವಾಹಕರು. ಹಾಗಾದರೆ ನಮ್ಮ ಹೆಂಗಸರಿಗೆ ಇದು ಎಲ್ಲಿಂದ ಬಂತು? ಕಡಲ ವ್ಯಾಪಾರ, ಕೊಚ್ಚಿ, ಕೊಂಕಣದ ಯಹೂದಿಗಳು ಎಂದು ಕಲ್ಪನೆ ಹರಿಯುವುದು ಸಹಜ. ಆದರೆ 2007ರಲ್ಲಿ ಒಂದು ಭಾರತೀಯ ಕುಟುಂಬದ ಮೇಲೆ ನಡೆದ ಅಧ್ಯಯನ, ದೋಷದ ಅಕ್ಕಪಕ್ಕದ ಡಿಎನ್‌ಎ ಗುರುತುಗಳು ಯಹೂದಿಗಳದ್ದಕ್ಕಿಂತ ಬೇರೆ ಎಂದು ತೋರಿಸಿತು. ಅಂದರೆ ಅದೇ ಜಾಗದಲ್ಲಿ ಅದೇ ತಪ್ಪು ಇಲ್ಲಿ ಪ್ರತ್ಯೇಕವಾಗಿ ಆಗಿದೆ. ಇಬ್ಬರು ಲಿಪಿಕಾರರು, ಒಬ್ಬರನ್ನೊಬ್ಬರು ಕಾಣದೆಯೇ, ಅದೇ ಸಾಲಿನಲ್ಲಿ ಅದೇ ಎರಡು ಅಕ್ಷರ ಬಿಟ್ಟಂತೆ. ಜಾತಿ, ಧರ್ಮ, ಕುಲಗಳ ಶುದ್ಧಿಯ ಕುರಿತು ಮಾತಾಡುವವರಿಗೆ ಇದರಲ್ಲೊಂದು ಪಾಠವಿದೆ. ದೋಷಕ್ಕೆ ಯಾವ ಕುಲದ ಹಂಗೂ ಇಲ್ಲ.

ಪಾಕಿಸ್ತಾನದಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನ, ಕುಟುಂಬದ ಚರಿತ್ರೆ ನೋಡದೆ ಆರಿಸಿದ ಎದೆಯ ಕ್ಯಾನ್ಸರ್ ರೋಗಿಗಳಲ್ಲಿ ಶೇಕಡಾ 6.7, ಅಂಡಾಶಯದ ಕ್ಯಾನ್ಸರ್ ರೋಗಿಗಳಲ್ಲಿ ಶೇಕಡಾ 15.8 ಜನರಿಗೆ ಈ ವಂಶವಾಹಿಗಳ ದೋಷ ಇದ್ದದ್ದನ್ನು ಕಂಡಿತು. ಇಲ್ಲಿ ನಮ್ಮವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಚಿಕ್ಕಪ್ಪ, ಮಾವಂದಿರ ಮಕ್ಕಳೊಳಗೆ ಮದುವೆಯಾಗುವುದೇ ಇದಕ್ಕೆ ಕಾರಣವೇ? ಮುಸ್ಲಿಮರಲ್ಲೂ, ಸೋದರಮಾವನಿಗೆ ಕೊಡುವ ರೂಢಿಯಿರುವ ಕರ್ನಾಟಕದ ಹಿಂದೂಗಳಲ್ಲೂ ಒಳಮದುವೆ ಸಾಮಾನ್ಯ. ಈ ಕ್ಯಾನ್ಸರಿಗೆ ಒಳಮದುವೆ ಬೇಕಿಲ್ಲ, ಕೆಟ್ಟ ಪ್ರತಿ ಒಂದಿದ್ದರೂ ಸಾಕು. ಹೊರಗಿನ ಹೆಣ್ಣು ತಂದರೂ ಅರ್ಧದಷ್ಟು ಮಕ್ಕಳಿಗೆ ಅದು ದಾಟುವ ಸಂಭವವಿದೆ. ಆದರೆ ತಂದೆತಾಯಿ ಇಬ್ಬರೂ ಬಿಆರ್‌ಸಿಎ2 ದೋಷದ ವಾಹಕರಾಗಿ ಎರಡೂ ಕೆಟ್ಟ ಪ್ರತಿ ಒಂದು ಮಗುವಿಗೆ ಬಂದರೆ ಫ್ಯಾಂಕೋನಿ ಅನೀಮಿಯಾ ಎಂಬ ಭೀಕರ ರೋಗ ಬರಬಹುದು. ಒಳಮದುವೆಯ ಅಪಾಯ ಇರುವುದು ಅಲ್ಲಿ.

ಕಬ್ಬಿನ ಸೀಮೆಯ ತೊಡಕು

ಪಶ್ಚಿಮ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51. ಭಾರತೀಯ ಮೆನೊಪಾಸ್ ಸೊಸೈಟಿಯ ದೇಶವ್ಯಾಪಿ ಸಮೀಕ್ಷೆ 2016ರಲ್ಲಿ ಕೊಟ್ಟ ಅಂಕಿ 46.2. ಐದು ವರ್ಷದ ಈ ಅಂತರವನ್ನೆಲ್ಲ ಕ್ಯಾನ್ಸರಿನ ವಂಶವಾಹಿಯ ತಲೆಗೆ ಕಟ್ಟಲಾಗದು. ಬಾಲ್ಯದ ಅರೆಹೊಟ್ಟೆ, ಬಡತನ, ಹೊಗೆಸೊಪ್ಪು ಇವೂ ಅಂಡಾಶಯದ ಆಯುಷ್ಯವನ್ನು ತಿನ್ನುತ್ತವೆ.

ನಮ್ಮ ಸೀಮೆಯಲ್ಲಿ ಇನ್ನೂ ಒಂದು ತೊಡಕಿದೆ. ಶೇಡಬಾಳದ ಪಕ್ಕದ ಉಗಾರ ಖುರ್ದಿನಲ್ಲಿ ಸಕ್ಕರೆ ಕಾರ್ಖಾನೆ ಹುಟ್ಟಿದ್ದು 1939ರಲ್ಲಿ. ಇಂದು ಕೃಷ್ಣೆಯ ಎರಡೂ ದಂಡೆ ಕಬ್ಬೇ ಕಬ್ಬು. ಅದನ್ನು ಕಡಿಯಲು ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಗಂಡ ಹೆಂಡತಿ ಜೋಡಿಗಳು ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕದ ಗಡಿಗೂ ಬರುತ್ತಾರೆ. ಒಂದು ದಿನ ತಪ್ಪಿದರೂ ಮುಕದ್ದಮ ದಂಡ ಹಾಕುತ್ತಾನೆ. ಮುಟ್ಟಿನ ನೋವು, ಬಿಳಿ ಸೆರಗು ಎಂದು ದವಾಖಾನೆಗೆ ಹೋದರೆ ಗರ್ಭಕೋಶ ತೆಗೆಯುವುದೇ ಪರಿಹಾರವಾಯಿತು. 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿ ಬೀಡಿನಲ್ಲಿ ಪರಿಶೀಲಿಸಿದ 82,309 ಹೆಂಗಸರಲ್ಲಿ 13,861 ಜನರ ಗರ್ಭಕೋಶ ತೆಗೆಯಲಾಗಿತ್ತು. ಕರ್ನಾಟಕದಲ್ಲೂ ಕಲಬುರಗಿ, ಹಾವೇರಿ ಜಿಲ್ಲೆಗಳ ಲಂಬಾಣಿ ತಾಂಡಾಗಳ ಹೆಂಗಸರು ಇದೇ ಅನ್ಯಾಯದ ವಿರುದ್ಧ ಬೀದಿಗೆ ಬಂದರು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು.

ಈ ಹೆಂಗಸರನ್ನು ಕೇಳಿದರೆ "ಮುಟ್ಟು ನಿಂತದ" ಎಂದೇ ಹೇಳುತ್ತಾರೆ. ಮೂವತ್ತಕ್ಕೆ ನಿಂತದ್ದು ವಂಶವಾಹಿಯಿಂದಲೋ, ಹಸಿವಿನಿಂದಲೋ, ಕತ್ತರಿಯಿಂದಲೋ ಎಂದು ಬಿಡಿಸದೆ ಯಾವ ಸಂಶೋಧನೆಯೂ ನಮ್ಮ ನಾಡಿಗೆ ಅರ್ಥಪೂರ್ಣವಾಗದು. ಗರ್ಭಕೋಶ ಮಾತ್ರ ತೆಗೆದು ಅಂಡಾಶಯ ಬಿಟ್ಟಿದ್ದರೆ ಅಂಡಾಶಯದ ಕ್ಯಾನ್ಸರಿನ ಅಪಾಯ ಹಾಗೆಯೇ ಇರುತ್ತದೆ. ಏನು ತೆಗೆದರು ಎಂಬ ಚೀಟಿ ಹೆಚ್ಚಿನವರ ಬಳಿ ಇರುವುದಿಲ್ಲ. ಒಬ್ಬ ಶ್ರೀಮಂತ ಹೆಣ್ಣು ವರ್ಷಗಟ್ಟಲೆ ಸಲಹೆ ಪಡೆದು ಮಾಡುವ ತೀರ್ಮಾನವನ್ನು ಇಲ್ಲಿ ಕಬ್ಬಿನ ಹಂಗಾಮು ಮಾಡಿಬಿಡುತ್ತದೆ.

ಗುಟ್ಟಿನ ಬೆಲೆ

ದೋಷ ಇದೆ ಎಂದು ಗೊತ್ತಾದರೆ ಮಾಡುವುದಾದರೂ ಏನು? ಬಿಆರ್‌ಸಿಎ1 ವಾಹಕರಿಗೆ 35ರಿಂದ 40ರೊಳಗೆ, ಬಿಆರ್‌ಸಿಎ2 ಇದ್ದವರಿಗೆ 40ರಿಂದ 45ರೊಳಗೆ, ಮಕ್ಕಳಾಗುವುದು ಮುಗಿದ ಮೇಲೆ ಅಂಡಾಶಯ ಮತ್ತು ನಾಳ ತೆಗೆಸುವ ಸಲಹೆ ಕೊಡುತ್ತಾರೆ. ಅಂಡಾಶಯದ ಕ್ಯಾನ್ಸರನ್ನು ಮೊದಲೇ ಹಿಡಿಯುವ ನಂಬಬಹುದಾದ ಪರೀಕ್ಷೆ ಇಲ್ಲದಿರುವುದೇ ಇದಕ್ಕೆ ಕಾರಣ. ಎದೆಗೆ ಎಂಆರ್‌ಐ ತಪಾಸಣೆ ಇದೆ. ಒಮ್ಮೆಲೇ ಮುಟ್ಟು ನಿಲ್ಲಿಸಿದರೆ ಮೂಳೆ, ಹೃದಯಕ್ಕೆ ತೊಂದರೆಯಾಗುತ್ತದೆ, ಅದಕ್ಕೂ ವೈದ್ಯರ ಬಳಿ ಔಷಧವಿದೆ. ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸು ತಿಳಿಯುವುದು ಇಲ್ಲಿಯೇ ಉಪಯೋಗಕ್ಕೆ ಬರುತ್ತದೆ. ಇಪ್ಪತ್ತೈದರ ಹೆಣ್ಣುಮಗಳಿಗೆ ತನ್ನ ಮುಂದೆ ಮಕ್ಕಳಿಗೆ ಎಷ್ಟು ವರ್ಷ ಉಳಿದಿದೆ ಎಂಬುದು ಗೊತ್ತಿರಬೇಕಲ್ಲವೇ?

ನಮ್ಮ ಮನೆಗಳಲ್ಲಿ ಇದನ್ನು ಮುಚ್ಚಿಡುವುದು ಮದುವೆಯ ಭಯದಿಂದ. ಭಯ ಸುಳ್ಳಲ್ಲ. ಹುಡುಗಿಯ ತಾಯಿಗೆ ಕ್ಯಾನ್ಸರ್ ಎಂದರೆ ಸಂಬಂಧ ತಪ್ಪುತ್ತದೆ. ಆದರೆ ಈ ದೋಷ ತಂದೆಯ ಕಡೆಯಿಂದಲೂ ಅಷ್ಟೇ ಬರುತ್ತದೆ. ಹುಡುಗನ ಫುಪ್ಪಿ, ಸೋದರತ್ತೆ ಯಾವ ಬೇನೆಯಿಂದ ಸತ್ತರು ಎಂದು ಯಾವ ಹುಡುಗಿಯ ಮನೆಯವರೂ ಕೇಳುವುದಿಲ್ಲ. ವಾಹಕ ಗಂಡಸರಿಗೂ ಪ್ರಾಸ್ಟೇಟ್ ಮತ್ತು ಎದೆಯ ಕ್ಯಾನ್ಸರಿನ ಅಪಾಯವಿದೆ. ಹೆಣ್ಣನ್ನು ಮಾತ್ರ ದೂರುವುದು ಅನ್ಯಾಯವೂ ಹೌದು, ಅಜ್ಞಾನವೂ ಹೌದು. ವಂಶವಾಹಿಯ ನೆಪ ಒಡ್ಡಿ ವಿಮೆ ನಿರಾಕರಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ದೆಹಲಿ ಹೈಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿತು. ಕಂಪನಿಗಳಿಗೆ ಕೋರ್ಟು ಹೇಳಿದ್ದನ್ನು ಬೀಗರಿಗೆ ಹೇಳುವವರು ಯಾರು? ಅದು ಸಮಾಜವೇ ಮಾಡಬೇಕಾದ ಕೆಲಸ.

ಪರೀಕ್ಷೆ ಎಲ್ಲರಿಗೂ ಬೇಕಿಲ್ಲ. ಮನೆತನದಲ್ಲಿ ಐವತ್ತರೊಳಗೆ ಎದೆಯ ಕ್ಯಾನ್ಸರ್ ಬಂದವರು, ಯಾವ ವಯಸ್ಸಿನಲ್ಲಾದರೂ ಅಂಡಾಶಯದ ಕ್ಯಾನ್ಸರ್ ಬಂದವರು, ಎದೆಯ ಕ್ಯಾನ್ಸರ್ ಬಂದ ಗಂಡಸರು ಇದ್ದರೆ ವೈದ್ಯರನ್ನು ಕೇಳಬೇಕು. ಮೊದಲು ರೋಗ ಬಂದವರನ್ನೇ ಪರೀಕ್ಷಿಸುವುದು ಸರಿಯಾದ ಕ್ರಮ. ಅರ್ಥ ಗೊತ್ತಾಗದ ದೋಷ ಸಿಗುವುದೂ ನಮ್ಮಲ್ಲಿ ಹೆಚ್ಚು, ಯಾಕೆಂದರೆ ಜಗತ್ತಿನ ಮಾಹಿತಿ ಭಂಡಾರ ತುಂಬಿರುವುದು ಯೂರೋಪ್ ಮೂಲದವರಿಂದ. ಮಿರಜ, ಹುಬ್ಬಳ್ಳಿ, ಬೆಂಗಳೂರಿಗೆ ಹೋಗುವ ನಮ್ಮ ಹೆಂಗಸರ ಚರಿತ್ರೆ ಅದಕ್ಕೆ ಸೇರುವವರೆಗೆ ಅದು ಹಾಗೆಯೇ ಇರುತ್ತದೆ.

ಖರ್ಚಿಲ್ಲದೆ ಮಾಡಬಹುದಾದ ಕೆಲಸವೊಂದಿದೆ. ಒಂದು ನೋಟ್‌ಬುಕ್ಕಿನಲ್ಲಿ ತಾಯಿಯ ಕಡೆಯ, ತಂದೆಯ ಕಡೆಯ ಹೆಂಗಸರ ಹೆಸರುಗಳನ್ನು ಬರೆಯಿರಿ. ಕೊಟ್ಟ ಊರು, ಮುಟ್ಟು ನಿಂತ ವಯಸ್ಸು, ತಾನಾಗಿ ನಿಂತದ್ದೋ ಆಪರೇಷನ್ನಿನಿಂದಲೋ, ಬಂದ ಬೇನೆ, ಸತ್ತ ವಯಸ್ಸು, ಇಷ್ಟು ಸಾಕು. ವಯಸ್ಸು ಗೊತ್ತಿಲ್ಲದಿದ್ದರೆ ಭೂಕಂಪದ ಮೊದಲೋ ಆಮೇಲೋ ಎಂದು ಕೇಳಿ. ಬದುಕಿರುವ ಅಜ್ಜಿಯರಿಂದ ಶುರುಮಾಡಿ, ಅವರ ಬಳಿ ಹೆಚ್ಚು ದಿನಗಳಿಲ್ಲ.